ಮಾವನಿಗೆ ತುಂಬಿದ ಬಟ್ಟಲು

ಮಾರ್ಚ್ 13, ಬೆಳಗಿನ ಜಾವ

ಎಲ್ಲರೂ ತಿಂದು, ಉಪವಾಸಕ್ಕೆ ಬಾಯಿ ಕಟ್ಟಿ, ಮತ್ತೆ ಮಲಗಿದರು. ಬಟ್ಟಲು ತೊಳೆದು, ಚಹಾ ನೀರು ಕಾಯಿಸುವ ಸಮೋವಾರ್‌ನ ಬೂದಿ ಚೆಲ್ಲಿ, ಈಗ ಕೂತೆ. ಹೊರಗೆ ಇನ್ನೂ ಹಿಮ. ಎರ್ಮೆಕ್ ಗೊರಕೆ ಹೊಡೀತಿದಾನೆ, ಅದೂ ಎಷ್ಟು ಮುದ್ದಾಗಿ... ಗಂಡನ ಗೊರಕೆಯನ್ನು ಹೊಗಳಿ ಡೈರಿ ಬರೆಯುವ ಹೆಂಗಸಾಗಿಬಿಟ್ಟೆ. ಬಿಷ್ಕೆಕ್‌ನ ಫ್ರೆಂಡ್ಸ್ ಓದಿದರೆ ಮುಗೀತು ನನ್ನ ಕಥೆ.

ಇವತ್ತು ಚಹಾ ಹಾಕುವುದರಲ್ಲಿ ತಪ್ಪಲಿಲ್ಲ. ಮಾವನಿಗೆ ಅರ್ಧ ಬಟ್ಟಲು, ಭಾವನಿಗೆ ಅರ್ಧ. ಮದುವೆಯಾದ ಹೊಸದರಲ್ಲಿ ಮಾವನಿಗೆ ಅಂಚಿನವರೆಗೆ ತುಂಬಿ ಕೊಟ್ಟಿದ್ದೆ, ಪ್ರೀತಿಯಿಂದ. ಇಡೀ ಮನೆ ಗಪ್‌ಚುಪ್. ತುಂಬಿದ ಬಟ್ಟಲು ಅಂದರೆ 'ಕುಡಿದು ಎದ್ದು ನಡಿ' ಅಂತ. ನಮ್ಮ ಸಿಟಿ ಫ್ಲಾಟಿನಲ್ಲಿ ಟೀ ಬ್ಯಾಗು, ಮಗ್ಗು — ಇದನ್ನೆಲ್ಲ ಯಾರು ಕಲಿಸಿದ್ದರು? ಮಾವ ಗಂಭೀರವಾಗಿ ಕುಡಿದು, ಟೋಪಿ ಹಾಕಿಕೊಂಡು, ನಿಜವಾಗಲೂ ಎದ್ದು ಹೋಗಿ ಕುರಿ ನೋಡಿಕೊಂಡು ಬಂದರು. ಆಮೇಲೆ ನಗು.

ಅವರ ಹೆಸರು ಇಲ್ಲೂ ಬರೆಯುವುದಿಲ್ಲ. ಸೊಸೆ ಹೇಳಬಾರದು. ರಂಜಾನ್ ವ್ರತಕ್ಕೆ ನಾವನ್ನುವ ಹೆಸರೇ ಅವರ ಹೆಸರಿನೊಳಗಿದೆ, ಹಾಗಾಗಿ ಅದೂ ಬಾಯಿಗೆ ಬರಬಾರದು. ನಾನೂ ಓರಗಿತ್ತಿ ಬುರುಲ್ ಅಕ್ಕನೂ 'ಬಾಯಿ ಕಟ್ಟುವ ತಿಂಗಳು' ಅನ್ನುತ್ತೇವೆ.

ಅಂದಹಾಗೆ — ಮುಟ್ಟಾಗಿದೆ. ಈಗಷ್ಟೇ. ಇನ್ನು ಅದು ನಿಲ್ಲುವವರೆಗೆ ನಾನು ಬಾಯಿ ಕಟ್ಟುವಂತಿಲ್ಲ.

ಮಾರ್ಚ್ 13, ಮಧ್ಯಾಹ್ನ

ಬುರುಲ್ ಅಕ್ಕನ ಕಿವಿಯಲ್ಲಿ ಹೇಳಿದೆ. ಪಾಠ ಶುರು ಮಾಡಿದಳು. ಗಂಡಸರಿಗೆ ಗೊತ್ತಾಗಬಾರದು, ನಾಚಿಕೆಗೇಡು. ಜಾವಕ್ಕೆ ಎಲ್ಲರ ಜೊತೆ ಏಳಬೇಕು, ತಿನ್ನಬೇಕು, ಪ್ರಾರ್ಥಿಸಿ ಅಂಗೈಯಿಂದ ಮುಖ ಸವರಿಕೊಳ್ಳಬೇಕು. ಹಗಲು ಹಸಿವಾದರೆ ಉಗ್ರಾಣ, ಹಿಟ್ಟಿನ ಚೀಲಗಳ ಹಿಂದೆ. ಸಂಜೆ ಮಾತ್ರ ಎಲ್ಲರಿಗಿಂತ ಹಸಿದವಳ ಹಾಗೆ ಕೂರಬೇಕು.

"ಹನ್ನೆರಡು ವರ್ಷದಿಂದ ಅಲ್ಲೇ ಕಣೇ ನನ್ನ ಊಟ," ಅಂದಳು. "ಇಲಿಗಳಿಗೆಲ್ಲ ನನ್ನ ಗುರುತಿದೆ."

ಮಾರ್ಚ್ 14

ಸಿಕ್ಕಿಬಿದ್ದೆ.

ಉಗ್ರಾಣ. ಕತ್ತಲು, ತಣ್ಣಗೆ. ನಿನ್ನೆ ಹಿಟ್ಟಿನಲ್ಲಿ ಕರಿದ ಬೂರ್ಸೋಕ್ ತುಂಡು ಎರಡು ತಿಂದೆ. ಆಮೇಲೆ ಉಪ್ಪುನೀರಲ್ಲಿ ಹಾಕಿಟ್ಟ ಸೌತೆಕಾಯಿ ಜಾಡಿ ಕಣ್ಣಿಗೆ ಬಿತ್ತು. ಈ ದಿನಗಳಲ್ಲಿ ನನಗೆ ಹುಳಿ, ಉಪ್ಪು ಅಂದರೆ ಪ್ರಾಣ. ಮೂರನೆಯದು ಕಚ್ಚುತ್ತಿದ್ದೆ, ಎರಡೂ ಕೆನ್ನೆ ಉಬ್ಬಿಕೊಂಡು — ಬಾಗಿಲು ತೆರೆಯಿತು. ಅಪಾ. ನನ್ನ ಅತ್ತೆ.

ನನ್ನನ್ನು ನೋಡಿದರು. ಜಾಡಿ ನೋಡಿದರು. ಮತ್ತೆ ನನ್ನನ್ನು. ಸದ್ದಿಲ್ಲದೆ ಬಾಗಿಲು ಮುಚ್ಚಿದರು. ನುಂಗಲೂ ಆಗದೆ ಉಗುಳಲೂ ಆಗದೆ ಕೂತೆ. ಸ್ವಲ್ಪ ಹೊತ್ತಿಗೆ ಮತ್ತೆ ಬಂದರು. ಏಪ್ರನ್ ಜೇಬಿನಿಂದ ಬೇಯಿಸಿದ ಮೊಟ್ಟೆ ತೆಗೆದು, ಸುಲಿದು, ಕೈಯಲ್ಲಿಟ್ಟರು. ಬಿಸಿಬಿಸಿ.

"ತಣ್ಣಗಿರೋದನ್ನ ತಿನ್ಬೇಡ, ಮಗಳೇ." ಅಷ್ಟೇ.

ಮಾರ್ಚ್ 15

ಇಂಥ ಅತ್ತೆ ಯಾರಿಗೂ ಇಲ್ಲ. ಇಂದು ನನ್ನ ಕೈಯಿಂದ ನೀರಿನ ಬಕೆಟ್ ಕಿತ್ತುಕೊಂಡು ಎರ್ಮೆಕ್‌ಗೆ ಕೊಟ್ಟರು. ಕಂಬಳಿ ಕೊಡವುವುದೂ ಅವನಿಗೇ. ನನ್ನ ಬೆನ್ನಿಗೆ ಅವರದೇ ಕುರಿಚರ್ಮ. ಇವತ್ತೂ ಮೊಟ್ಟೆ.

ನನಗೆ ಹದಿಮೂರಾದಾಗ ನನ್ನಮ್ಮ ಕಪ್ಪು ಪ್ಲಾಸ್ಟಿಕ್ ಕವರಿನಲ್ಲಿ ಪ್ಯಾಡ್ ತಂದು ಮೇಜಿನ ಮೇಲಿಟ್ಟು, ಅಪ್ಪನಿಗೆ ಕಾಣದ ಹಾಗೆ ಇಟ್ಟುಕೋ ಅಂದಿದ್ದಳು. ಸ್ಕೂಲಿನಲ್ಲಿ ಮೇಡಂ ಆ ಚಾಪ್ಟರ್ ಬಂದಾಗ, ಇದನ್ನು ಮನೆಯಲ್ಲೇ ಓದಿಕೊಳ್ಳಿ ಅಂದರು. ಇಂಗ್ಲಿಷ್ ಮೀಡಿಯಂ ಸ್ಕೂಲು, ದುಬಾರಿ ಫೀಸು. ಇಲ್ಲಿ, ಬೆಟ್ಟದ ಮೇಲಿನ ಹಳ್ಳಿಯಲ್ಲಿ, ಮುಟ್ಟಾದವಳಿಗೆ ರಾಣಿ ಮರ್ಯಾದೆ.

ಎರ್ಮೆಕ್‌ಗೆ ಹೇಳಿದೆ. ತನಗೆ ಜ್ವರ ಬಂದಾಗಲೂ ಅಮ್ಮ ಮೊಟ್ಟೆ ಸುಲಿದು ಕೊಟ್ಟಿಲ್ಲ ಅಂತ ಮುಖ ಊದಿಸಿಕೊಂಡ. ಮುತ್ತು ಕೊಟ್ಟೆ. ಸೂರ್ಯ ಮುಳುಗಿದ್ದ, ತಪ್ಪಿಲ್ಲ.

ಮಾರ್ಚ್ 17

ಪಕ್ಕದ ಮನೆಯ ಅತ್ತೆ ಒಣಗಿಸಿದ ಹುಳಿಮೊಸರಿನ ಉಂಡೆ ತಂದುಕೊಟ್ಟರು. ಕೆನ್ನೆ ಹಿಂಡಿದರು. ಸೊಂಟ ನೋಡಿದರು. ಕೊಬ್ಬಿದ ಟಗರೊಂದರ ಕಿವಿಗೆ ಅಪಾ ಕೆಂಪು ದಾರ ಕಟ್ಟಿದ್ದಾರೆ, ಶುಕ್ರವಾರಕ್ಕಂತೆ. ಊರ ಹಿರಿಯರು ನಮ್ಮಲ್ಲೇ ವ್ರತ ಬಿಡುತ್ತಾರೆ.

ಈ ಮನೆಯಲ್ಲಿ ಮುಟ್ಟಿಗೆ ಟಗರನ್ನೂ ಕಡೀತಾರಾ ಅಂತ ಬುರುಲ್ ಅಕ್ಕನನ್ನು ಕೇಳಿದೆ, ತಮಾಷೆಗೆ. ಅವಳು ನಗಲಿಲ್ಲ. ಹಾಲು ಕರೆಯುವುದನ್ನು ನಿಲ್ಲಿಸಿ ಯೋಚನೆ ಮಾಡಿದಳು.

ಮಾರ್ಚ್ 20

ಎಲ್ಲಾ ತಿಳಿಯಿತು. ಅಯ್ಯೋ ದೇವರೇ.

ನಿನ್ನೆ ಮುಟ್ಟು ನಿಂತು ಸ್ನಾನ ಆಯಿತು. ಇಂದು ಜಾವಕ್ಕೆ ನಿಜವಾಗಿ ಬಾಯಿ ಕಟ್ಟಲು ಅಂಗೈ ಎತ್ತಿದೆ. ಅಪಾ ಅಡುಗೆಮನೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದರು.

"ನೀನು ಕಟ್ಬೇಡ. ಒಳಗಿರೋದಕ್ಕೆ ಹಸಿವಾಗುತ್ತೆ."

ಒಳಗಿರೋದು. ಹಗಲಲ್ಲಿ ತಿನ್ನುವ ಹೊಸ ಸೊಸೆ. ಮೇಲಿಂದ ಜಾಡಿಗಟ್ಟಲೆ ಹುಳಿ ಸೌತೆಕಾಯಿ. ಬಸುರಿಯಲ್ಲದೆ ಇನ್ನೇನು? ಅವರು ಸೇರಿಸಿದ ಲೆಕ್ಕ ಸರಿಯಾಗೇ ಇತ್ತು.

ಹೂಂ ಅಂದೆ. ಯಾಕೆ ಅಂದೆನೋ.

ಬುರುಲ್ ಅಕ್ಕ ಉಳಿದದ್ದು ತಿಳಿದುಕೊಂಡು ಬಂದಳು. ಅಪಾ ಮಾವನಿಗೆ ಹೇಳಿಯಾಗಿದೆ. ಶುಕ್ರವಾರ ಹಿರಿಯರೆಲ್ಲ ಕೈಯೆತ್ತಿದಾಗ ಮಾವ ಮೊಮ್ಮಗುವಿನ ಹೆಸರಲ್ಲಿ ಆಶೀರ್ವಾದ ಬೇಡುತ್ತಾರೆ. ಇಡೀ ಊರಿನ ಮುಂದೆ. ಇಲ್ಲದ ಮಗುವಿಗೆ.

ಎರ್ಮೆಕ್ ಮೊದಲು ಬೆವರಿದ. ಆಮೇಲೆ, ಹಾಗಾದರೆ ಶುಕ್ರವಾರದೊಳಗೆ ನಿಜ ಮಾಡಿಬಿಡೋಣ ಅಂದ. ದಿಂಬಿನಲ್ಲಿ ಹೊಡೆದೆ. ಅವನೇ ಅಮ್ಮನಿಗೆ ಹೇಳುತ್ತಾನಂತೆ. ಬೇಡ ಅಂದೆ. ಮೊಟ್ಟೆ ತಿಂದವಳು ನಾನು.

ನಾಚಿಕೆಗಿಂತ ಅದೇ ಚುಚ್ಚುತ್ತಿದೆ. ಆ ಬಿಸಿ ಮೊಟ್ಟೆ ನನಗಲ್ಲ. ನಿಜ ಹೇಳಿದ ಮೇಲೂ ಅಪಾ ನನ್ನನ್ನು ಹಾಗೇ ನೋಡುತ್ತಾರಾ?

ಮಾರ್ಚ್ 22, ಮಧ್ಯಾಹ್ನ

ಇನ್ನೂ ಹೇಳಿಲ್ಲ. ಟಗರು ಹಂಡೆಯಲ್ಲಿ ಬೇಯುತ್ತಿದೆ. ಗಂಡಸರು ಮಸೀದಿಗೆ ಹೋಗಿದ್ದಾರೆ, ಹಿರಿಯರನ್ನು ಕರೆದುಕೊಂಡೇ ಬರುತ್ತಾರೆ. ಅಪಾ ಒಬ್ಬರೇ ಉಗ್ರಾಣದಲ್ಲಿ ಹಿಟ್ಟು ತೆಗೆಯುತ್ತಿದ್ದಾರೆ. ಹೋಗ್ತೀನಿ. ಈಗಲೇ...

ಮಾರ್ಚ್ 23

ನಿನ್ನೆ ಉಗ್ರಾಣಕ್ಕೆ ಹೋಗಿ ಹೇಳಿಬಿಟ್ಟೆ.

"ಅಪಾ, ಒಳಗೆ ಯಾರೂ ಇಲ್ಲ," ಅಂದೆ. "ಆವತ್ತು ನಾನು ಮುಟ್ಟಾಗಿದ್ದೆ."

ಅವರು ಹಿಟ್ಟಿನ ಚೀಲದ ಮೇಲೆ ಕುಸಿದು ಕೂತರು.

"ಮತ್ತೆ ಆ ಸೌತೆಕಾಯಿ?"

"ರುಚಿಯಾಗಿತ್ತು."

ಹೆಗಲು ಅಲುಗಿದವು. ಅಳು ಅಂದುಕೊಂಡೆ. ನಗು — ಚೀಲದಿಂದ ಹಿಟ್ಟು ಏಳುವಷ್ಟು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದರು: ಇದೇ ಮೂಲೆಯಲ್ಲಿ, ಹೊಸ ಸೊಸೆಯಾಗಿದ್ದಾಗ, ಅವರು ಒಣ ಹಿಟ್ಟು ಮುಕ್ಕಿದ್ದರಂತೆ. ಅವರ ಅತ್ತೆ ಬಂದು ಏನೋ ಕೇಳಿದರೆ ಉತ್ತರದ ಬದಲು ಮೂಗಿನಿಂದ ಹಿಟ್ಟು ಬಂತಂತೆ. ಆ ಅತ್ತೆ ಮಾರನೇ ದಿನ ಬೆಣ್ಣೆ ಗಡಿಗೆಗೆ ಬೀಗ ಹಾಕಿದರು.

ಮೊಟ್ಟೆಗಳ ಮಾತೆತ್ತಿ ಕ್ಷಮಿಸಿ ಅಂದೆ. ಅಪಾ ನನ್ನ ಗಲ್ಲ ಹಿಡಿದರು.

"ಮೈಯಿಂದ ರಕ್ತ ಹೋಗೋಳಿಗೆ ಹೊಟ್ಟೆ ಇರಲ್ವಾ? ಬುರುಲ್‌ಗೆ ಇಷ್ಟು ವರ್ಷ ಒಂದು ಮೊಟ್ಟೆ ಕೊಡಲಿಲ್ಲವಲ್ಲ ನಾನು."

ಅಷ್ಟರಲ್ಲಿ ಅಂಗಳದಲ್ಲಿ ಬೂಟುಗಳ ಸದ್ದು. ಮಾವನಿಗೆ ಹೇಳಲು ಸಮಯವೇ ಸಿಗಲಿಲ್ಲ.

ಸೂರ್ಯ ಮುಳುಗಿದ ಮೇಲೆ ಖರ್ಜೂರ, ನೀರು, ಮಾಂಸ, ಮಾತು. ನಾನು ಸಮೋವಾರ್ ಪಕ್ಕ, ಚಹಾ ಹಾಕುತ್ತಾ. ಎಲ್ಲರಿಗಿಂತ ಹಿರಿಯರು ಅಂಗೈ ಎತ್ತಿ, ಏನು ಬೇಡೋಣ ಅಂತ ಕೇಳಿದರು. ಮಾವ ಗಂಟಲು ಸರಿಮಾಡಿಕೊಂಡರು. ಮುಖದಲ್ಲಿ ಎಂಥ ಹಿಗ್ಗು... ಅಪಾ ನನ್ನನ್ನು ನೋಡಿದರು. ಆಮೇಲೆ ಮಾವನ ಬಟ್ಟಲನ್ನು. ಮತ್ತೆ ನನ್ನನ್ನು.

ಅರ್ಥವಾಯಿತು. ತುಂಬಿಸಿದೆ. ಅಂಚಿನವರೆಗೆ, ಇನ್ನೊಂದು ಹನಿ ಬಿದ್ದರೆ ಚೆಲ್ಲುವ ಹಾಗೆ. ಎರಡೂ ಕೈಯಿಂದ ಮಾವನ ಮುಂದಿಟ್ಟೆ.

ಮಾವ ಬಟ್ಟಲು ನೋಡಿದರು. ತೆರೆದ ಬಾಯಿ ತೆರೆದೇ ಉಳಿಯಿತು. ಆ ಸಂದಿನಲ್ಲಿ ಅಪಾ ಅಂದರು: "ನನ್ನ ಇಬ್ಬರು ಸೊಸೆಯರ ಆರೋಗ್ಯಕ್ಕೆ ಬೇಡಿ."

ಆಮೀನ್. ಎಲ್ಲರೂ ಮುಖ ಸವರಿಕೊಂಡರು.

ಅತಿಥಿಗಳು ಹೋದ ಮೇಲೆ ಮಾವ ಮೆಲ್ಲಗೆ ಕೇಳಿದರು. "ಸೊಸೆ ಎರಡನೇ ಸಲ ನನ್ನನ್ನ ಮನೆಯಿಂದ ಕಳಿಸ್ತಿದಾಳಲ್ಲ, ಏನು ಸಮಾಚಾರ?"

ಅಪಾ ಮುಚ್ಚಿಡಲಿಲ್ಲ. ಮಗು ಇಲ್ಲ, ನಾನೇ ತಪ್ಪು ತಿಳಿದೆ, ಅದು ಹೆಂಗಸರ ದಿನ ಅಂದರು. ಭಾವ ಒಲೆಯನ್ನು ನೋಡಿದರು, ಎರ್ಮೆಕ್ ಸೂರನ್ನು.

"ಕೇಳಿಸ್ತಾ, ಮಕ್ಕಳ ಅಪ್ಪ? ಇನ್ಮೇಲೆ ಅಂಥ ದಿನ ಈ ಮನೆ ಹೆಂಗಸರು ಉಗ್ರಾಣದಲ್ಲಿ ಇಲಿಗಳ ಹಾಗೆ ತಿನ್ನಲ್ಲ. ಒಲೆ ಪಕ್ಕ ಕೂತು ತಿಂತಾರೆ. ನೀವು ಒಳಗೆ ಬರೋ ಮುಂಚೆ ಕೆಮ್ಮಿ."

ಮಾವ ತಣ್ಣಗಾದ ಚಹಾ ಪೂರ್ತಿ ಕುಡಿದು, ಟೋಪಿ ಹಾಕಿಕೊಂಡು, ಕುರಿಗಳ ಕಡೆ ಹೋದರು. ಈ ಸಲ ಯಾರೂ ನಗಲಿಲ್ಲ.

ಮಾರ್ಚ್ 25

ಮಾವ ಅರ್ಧ ಬಟ್ಟಲು ತಗೋತಾರೆ, ಕಣ್ಣೆತ್ತಿ ನೋಡಲ್ಲ. ಕೋಪವಾ, ನಾಚಿಕೆಯಾ? ಅವರಿಗೆ ಹೊತ್ತು ಬೇಕು, ಟಗರಿನ ಹಾಗೆ, ನಿಧಾನಕ್ಕೆ ಬೇಯ್ತಾರೆ ಅಂತ ಅಪಾ. ಎರ್ಮೆಕ್ ಮಾತ್ರ ನನಗಾಗಿ ಮೊಟ್ಟೆ ಸುಲಿಯುವುದನ್ನು ಪ್ರ್ಯಾಕ್ಟೀಸ್ ಮಾಡ್ತಾನಂತೆ.

ಏಪ್ರಿಲ್ 2, ಮಧ್ಯಾಹ್ನ

ಬುರುಲ್ ಅಕ್ಕನ ಸರದಿ. ಹಾಡಹಗಲು, ಅಡುಗೆಮನೆ, ಒಲೆ ಪಕ್ಕ. ನಾನು ಬಾಯಿ ಕಟ್ಟಿದ್ದೇನೆ, ಅವಳಿಗೆ ಜೊತೆಯಾಗಿ ಕೂತು ಬರೆಯುತ್ತಿದ್ದೇನೆ. ರೊಟ್ಟಿ, ಕೆನೆ, ಬಿಸಿ ಚಹಾ ಎಲ್ಲ ಮುಂದಿದೆ. ಅವಳಿಗೆ ನುಂಗಲು ಆಗುತ್ತಿಲ್ಲ. ಇಲಿಗಳಿಲ್ಲದೆ ರುಚಿಯೇ ಇಲ್ಲವಂತೆ.

ಹೊರಗೆ ಕೆಮ್ಮು. ಬುರುಲ್ ಅಕ್ಕ ರೊಟ್ಟಿಯನ್ನು ಥಟ್ಟನೆ ಏಪ್ರನ್‌ನೊಳಗೆ ಬಚ್ಚಿಟ್ಟಳು. ಮತ್ತೊಂದು ಕೆಮ್ಮು, ಜೋರಾಗಿ. ಯಾರೂ ಒಳಗೆ ಬರಲಿಲ್ಲ. ಹೆಜ್ಜೆ ಕೋಳಿಗೂಡಿನ ಕಡೆ ಹಿಂದಿರುಗಿತು.

ಬಾಗಿಲು ತೆರೆದೆ. ಹೊಸ್ತಿಲ ಮೇಲೆ ಮಾವನ ಬಟ್ಟಲು. ತುಂಬ ಮೊಟ್ಟೆ, ಅಂಚು ಮೀರಿ, ಮೇಲೊಂದು ಹುಲ್ಲುಕಡ್ಡಿ. ಇನ್ನೂ ಬೆಚ್ಚಗಿವೆ.

ಬುರುಲ್ ಅಕ್ಕ ಒಂದನ್ನು ಕೆನ್ನೆಗೆ ಒತ್ತಿಕೊಂಡು ಸುಮ್ಮನೆ ಕೂತಿದ್ದಾಳೆ. ನೀರಿಡಬೇಕು. ಅಂಗಳದಿಂದ ಅಪಾ ಕೂಗುತ್ತಿದ್ದಾರೆ, ಮುದುಕನ ಬಟ್ಟಲು ಎಲ್ಲೂ ಕಾಣ್ತಿಲ್ಲ, ನೋಡಿದ್ಯಾ ಮಗಳೇ ಅಂತ. ಏನು ಹೇಳಲಿ, ಅದು ಇಲ್ಲೇ ಇದೆ ಅಪಾ, ತುಂಬಿ —