ಮಾತ್ರೆ ಬಿಡದೆ ಇಳಿದ ಭಾರ

ಮನೆಯಿಂದ,
ಮಾರ್ಚ್ ೯, ಮಂಗಳವಾರ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಬಾಣಂತಿ ಅಕ್ಕನಿಗೆ ನಿದ್ದೆ ಸಿಗುತ್ತಿದೆಯಾ, ಇಲ್ಲ ಪಾಪು ಮನೆಮಂದಿಯನ್ನೆಲ್ಲ ಕುಣಿಸುತ್ತಿದೆಯಾ? ಇಲ್ಲಿ ಚಿಕ್ಕಮ್ಮ ನನ್ನನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಿದ್ದಾಳೆ. ಅವಳ ಗೊರಕೆಯೊಂದನ್ನು ಬಿಟ್ಟರೆ ನನ್ನದೇನೂ ತಕರಾರಿಲ್ಲ.

ಈಗ ಸುದ್ದಿ ಕೇಳು, ಹೇಳದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ! ನೀನು ಅಕ್ಕನ ಮನೆಗೆ ಹೊರಟ ವಾರವೇ ಬೇಕರಿ ಕೆಲಸದಲ್ಲಿ ಗಿರಾಕಿಯ ಎದುರು ನನ್ನ ಯೂನಿಫಾರಂ ಗುಂಡಿ ಪಟ್ಟನೆ ಹಾರಿತು. ಮಾನ ಹೋದಂತಾಯಿತು. ತಲೆಯೊಳಗಿನ ದನಿಗಳು ಸುಮ್ಮನಾಗಿವೆ ನಿಜ, ಆದರೆ ಈ ಮಾತ್ರೆ ಶುರುವಾದಾಗಿನಿಂದ ಹಸಿವೋ ಹಸಿವು. ಇನ್ನು ಮಾತ್ರೆ ಮುಟ್ಟುವುದೇ ಇಲ್ಲ ಎಂದು ಆಸ್ಪತ್ರೆಯಲ್ಲಿ ಆ ದಪ್ಪ ಕನ್ನಡಕದ ಸಿಸ್ಟರಿಗೆ ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟೆ. ಬೈಯುತ್ತಾರೆ ಅಂದುಕೊಂಡರೆ, ಬಾಗಿಲು ಮುಚ್ಚಿ ಪಕ್ಕದಲ್ಲೇ ಕುಳಿತರು. "ತೂಕ ಏರಿದ್ದು ನಿನ್ನ ತಪ್ಪಲ್ಲ ಕಣಮ್ಮಾ, ಈ ಮಾತ್ರೆ ಹಸಿವು ಜಾಸ್ತಿ ಮಾಡುತ್ತೆ, ಬಾಯೀನೂ ಒಣಗಿಸುತ್ತೆ. ಆದ್ರೆ ನೀನಾಗೇ ನಿಲ್ಲಿಸ್ಬೇಡ, ಡಾಕ್ಟರ ಹತ್ರ ನಾನೂ ಮಾತಾಡ್ತೀನಿ. ಬಾಯಿ ಒಣಗಿದಾಗ ಏನು ಕುಡೀತೀಯ?" ಎಂದರು. "ಬೇಕರಿ ಜ್ಯೂಸು" ಎಂದೆ. ಎಷ್ಟು ಎಂದು ಕೇಳಿದರು. ಲೆಕ್ಕ ಹೇಳುತ್ತ ಹೇಳುತ್ತ ನನಗೇ ನಗು ಬಂತು, ಅವರೂ ನಕ್ಕರು.

ಡಾಕ್ಟರು ರಕ್ತದಲ್ಲಿ ಸಕ್ಕರೆ ನೋಡಿದರು. ಅದೇ ಮಾತ್ರೆಯಲ್ಲಿ ಇನ್ನಷ್ಟು ದಿನ ನೋಡೋಣ, ಆಗದಿದ್ದರೆ ಬದಲಿಸೋಣ ಎಂದರು. ಅಂದಿನಿಂದ ಜ್ಯೂಸಿನ ಜಾಗಕ್ಕೆ ನೀರು ಬಂತು. ಸಂಜೆ ಉಳಿಯುವ ಕೇಕಿನ ಚೂರುಗಳಿಗೆ ದೂರದಿಂದಲೇ ಕೈಮುಗಿಯುತ್ತೇನೆ, ಮುಗಿಯುವಾಗ ಸಂಕಟವಾಗುವುದಂತೂ ಹೌದು. ವಾರಕ್ಕೊಮ್ಮೆ ಸಿಸ್ಟರ್ ನಮ್ಮಂಥವರನ್ನೆಲ್ಲ ಕರೆದುಕೊಂಡು ಆಸ್ಪತ್ರೆ ಹಿಂದಿನ ಮೈದಾನ ಸುತ್ತಿಸುತ್ತಾರೆ. ನಮ್ಮಲ್ಲೊಬ್ಬರು ನಿವೃತ್ತ ಮೇಷ್ಟ್ರು, ಮೊದಲ ದಿನ ಬೆಂಚು ಕಂಡಲ್ಲೆಲ್ಲ ಕೂತವರು, ಈಗ "ಏನ್ರಮ್ಮಾ ಬಸವನಹುಳದ ಥರ!" ಎಂದು ನಮ್ಮನ್ನೇ ಗದರಿಸುತ್ತಾರೆ. ನಡುವೆ ಒಮ್ಮೆ ತೂಕ ಮತ್ತೆ ಏರಿದಾಗ ಅಲ್ಲೇ ಅತ್ತುಬಿಟ್ಟೆ. "ಅತ್ಕೋ. ಆಮೇಲೆ ಚಪ್ಪಲಿ ಹಾಕ್ಕೊಂಡು ಬಾ" ಎಂದರು ಸಿಸ್ಟರ್. ಹೋದೆ. ನಿನ್ನೆ ನೋಡಿದರೆ ಮೂರು ಕಿಲೋ ಇಳಿದಿದೆ ಅಮ್ಮಾ! ತೂಕದ ಮಿಷನ್ ಮೇಲೇ ಕುಣಿಯಲು ಹೋಗಿ ಬೈಸಿಕೊಂಡೆ.

ಅಕ್ಕ ಭಾವನಿಗೆ ನನ್ನ ನೆನಪು ಹೇಳು. ಪಾಪುವಿನ ಕೆನ್ನೆಗೆ ನನ್ನ ಪಾಲಿನ ಮುತ್ತು.

ನಿನ್ನ ಕಿರಿಮಗಳು

ತಾ.ಕ.: ಟಪಾಲು ಡಬ್ಬಿ ಬಿಚ್ಚುವ ಹೊತ್ತಾಯಿತು, ಬೇಗ ಹೇಳುತ್ತೇನೆ. ಮುಂದಿನ ವಾರ ಹೊರಟುಬರುತ್ತೇನೆ ಎಂದಿದ್ದೆಯಲ್ಲ, ಬರಬೇಡ. ಇಷ್ಟು ವರ್ಷ ನನ್ನನ್ನು ಬಿಟ್ಟು ಎಲ್ಲಿಗೂ ಹೋಗಲಿಲ್ಲ ನೀನು. ಮೊಮ್ಮಗುವನ್ನು ಮನಸಾರೆ ಎತ್ತಿ ಆಡಿಸು. ಮಾತ್ರೆಯನ್ನು ಈಗ ಯಾರೂ ಎದುರು ನಿಂತು ನುಂಗಿಸಬೇಕಿಲ್ಲ, ನಾನೇ ನುಂಗುತ್ತೇನೆ. ಇದಕ್ಕೆ ಸಿಸ್ಟರೂ ಒಪ್ಪಿದ್ದಾರೆ.