ಬಾಗಿಲಿನ ಅಳತೆ

ಅಕ್ಕಾ,

ನೀನು ಹೋಗಿ ಮೂರು ತಿಂಗಳಾಯಿತು. ಚಿಕ್ಕಮ್ಮ ಸೊಂಟ ಮುರಿದುಕೊಂಡಿದ್ದಾರೆ, ನಿನ್ನ ಗಾಲಿಕುರ್ಚಿ ಅವರಿಗೆ ಕೊಟ್ಟು ಬರೋಣ ಅಂತ ಇವತ್ತು ರೈಲಿಗೆ ಹೊರಟೆ. "ಮಡಚಬೇಕಾ?" ಅಂತ ಕೂಲಿಯವನನ್ನು ಕೇಳಿದೆ. "ಯಾಕೆ ಸ್ವಾಮಿ, ಹಾಗೇ ಹೋಗುತ್ತೆ" ಅಂದವನೇ ಹಲಗೆ ಹಾಕಿ ಒಳಗೆ ತಳ್ಳಿಬಿಟ್ಟ. ಎರಡೂ ಕಡೆ ಎರಡೆರಡು ಬೆರಳು ಜಾಗ ಉಳಿಯಿತು.

"ಒಂದು ಸಲ ರೈಲಲ್ಲಿ ಕರ್ಕೊಂಡು ಹೋಗೋ" ಅಂತ ನೀನು ಕೇಳಿದಾಗಲೆಲ್ಲ, "ಕುರ್ಚಿ ಬಾಗಿಲಲ್ಲಿ ಹಿಡಿಸಲ್ಲಕ್ಕ" ಅಂತ ಬಾಯಿ ಮುಚ್ಚಿಸುತ್ತಿದ್ದೆ. "ದರ್ಜಿ ಹೇಳಿದ ಮೇಲೆ ಅಳತೆ ತಪ್ಪುತ್ತಾ?" ಅಂತ ನೀನು ನಗುತ್ತಿದ್ದೆ. ದರ್ಜಿಯಂತೆ ದರ್ಜಿ! ದಿನವಿಡೀ ಕೊರಳಲ್ಲಿ ಟೇಪು ನೇತುಹಾಕಿಕೊಂಡಿರೋ ನಾನು ಆ ಬಾಗಿಲನ್ನು ಒಂದು ದಿನವೂ ಅಳೆದಿರಲಿಲ್ಲ.

ಕುರ್ಚಿಯನ್ನು ಕಿಟಕಿ ಕಡೆ ತಿರುಗಿಸಿ ಪಕ್ಕದಲ್ಲಿ ಕೂತೆ. ಟಿಕೆಟ್ ನೋಡಲು ಬಂದವರು, "ಇದರಲ್ಲಿ ಕೂರೋರು ಎಲ್ರೀ?" ಅಂದರು. ಸುಮ್ಮನೆ ನಿಜ ಹೇಳಬಹುದಿತ್ತು. "ಮುಂದಿನ ಸ್ಟೇಷನ್ನಲ್ಲಿ ಹತ್ತುತ್ತಾರೆ ಸಾರ್" ಅಂದುಬಿಟ್ಟೆ.

"ಹಾಗಾದ್ರೆ ಹತ್ತಿಸೋಕೆ ಜನ ಬೇಕಲ್ಲ, ಹೇಳಿರ್ತೀನಿ" ಅಂತ ಅವರು ಆಗಲೇ ಫೋನು ಮಾಡಿದರು.

ಮುಂದಿನ ಸ್ಟೇಷನ್ ಬಂತು. ನಮ್ಮ ಬಾಗಿಲ ಎದುರಿಗೇ ಇಬ್ಬರು ಅಂಗಿ ತೋಳು ಮಡಚಿಕೊಂಡು, ನಿನ್ನನ್ನು ಎತ್ತಿ ಹತ್ತಿಸೋಕೆ ಕಾಯುತ್ತಾ ನಿಂತಿದ್ದರು.