ಬೆಳಗಿದ ಬೆಳ್ಳಿ

ಸಟನ್, ಲಂಡನ್

ಪೂಜ್ಯ ಅತ್ತೆಯವರಿಗೆ ಚಿತ್ಕಲಾ ಮಾಡುವ ನಮಸ್ಕಾರ.

ಮಂಡಿನೋವು, ಈ ಸಲ ವರಮಹಾಲಕ್ಷ್ಮಿ ಹಬ್ಬಕ್ಕೆ ನಮ್ಮಲ್ಲಿಗೆ ಬರುವುದಿಲ್ಲ ಅಂದಿರಂತೆ. ನಾನು ನಂಬಲಿಲ್ಲ.

ಹೋದ ವರ್ಷ, ನಾನು ಕೂಡಿಟ್ಟಿದ್ದ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿಗಳನ್ನು ನೀವು ಪೂಜೆಗೆಂದು ಹುಣಸೆಹಣ್ಣು ಹಾಕಿ ಬೆಳಗಿದಿರಿ. ಹಳೆ ನಾಣ್ಯಕ್ಕೆ ಮೇಲೆ ಕಟ್ಟಿದ ಆ ಕಪ್ಪೇ ಬೆಲೆ, ಬೆಳಗಿದರೆ ಬೆಲೆ ಇಳಿಯುತ್ತದೆ ಎಂದು ನಿಮ್ಮ ಮಗ ಬಾಯಿಬಿಟ್ಟಾಗಿನಿಂದ ನೀವು ನನ್ನ ಜೊತೆ ಫೋನಿನಲ್ಲೂ ಮಾತಾಡಿಲ್ಲ.

ನಮ್ಮ ನಾಣ್ಯಸಂಗ್ರಾಹಕರ ಕೂಟದಲ್ಲಿ ಒಬ್ಬರು, "ಅಯ್ಯೋ, ಹಾಳಾಯ್ತಲ್ಲ!" ಎಂದರು. "ನಮ್ಮತ್ತೆ ಪೂಜೆ ಮಾಡಿದ್ದು" ಎಂದೆ.

ಟಿಕೆಟ್ ಕಳಿಸಿದ್ದೇನೆ. ಹುಣಸೆಹಣ್ಣು ಹೊತ್ತು ತರಬೇಡಿ, ಇಲ್ಲೇ ಸಿಗುತ್ತದೆ. ಅಂದು ಬ್ಯಾಂಕ್ ಲಾಕರಿನಲ್ಲಿದ್ದು ಉಳಿದುಕೊಂಡ, ನನ್ನ ಅತಿ ಹಳೆಯ ರೂಪಾಯಿಯನ್ನು ಮನೆಗೆ ತಂದಿದ್ದೇನೆ. ಇನ್ನೂ ಕಪ್ಪಗಿದೆ. ನೀವೇ ಬಂದು ಬೆಳಗಬೇಕು.

ನಿಮ್ಮ ಸೊಸೆ,
ಚಿತ್ಕಲಾ